ಜೋಡುದೋಣಿಗೆ ಇಬ್ಬರು ಬೇಕು

...ಅಲ್ಲೋ ಗುರಣ್ಣ, ಪೂರಾ ಕೇಳದ ಬ್ಯಾಡ ಅಂದ್ರ ಹೆಂಗ? ಕೂಡು. ಇಲ್ಲೇ ಹೊಳಿ ಘಾಟಿನ ಮೆಟ್ಟಲ ಮ್ಯಾಲೆ, ಬಿಸಲಾಗ, ನನ್ನ ಎದುರಿಗೆ ಕೂಡು. ಐತವಾರ ಒಂದ ದಿನ ಬಾ ಅನ್ನಾಕತ್ತೇನಿ. ಕೊಲ್ಲಾಪುರದ ಕಾಲೇಜಿನ ಮಂದಿ ಬರಾವರದಾರ, ಹೆಂಡರು ಮಕ್ಕಳನ್ನೂ ಕರಕೊಂಡು. ಜೋಡುದೋಣಿ ಹತ್ತಿ ನೋಡತಾರ. ಮನಸಿಗೆ ಬಂತಂದ್ರ ಕ್ಲಬ್ ಮಾಡಿ ಅವರ ನಡಸತಾರ. ಮನಸಿಗೆ ಬರಲಿಲ್ಲಂದ್ರ... ನಮ್ಮ ಮಗ್ಗದ ಮಾಲಕರು ಬಡಿಗ್ಯಾರ ಧೋಂಡಿಬಾಗ ಹೇಳಿಬಿಟ್ಟಾರ. ಸೋಮವಾರ ನಡುವಿನ ಹಲಗಿ ಬಿಚ್ಚತಾನ. ಒಂದು ದೋಣಿ ಉಸುಕು ಹೊರಾಕ, ಇನ್ನೊಂದು ಮಂದೀನ ಆ ದಂಡಿಗೆ ದಾಟಸಾಕ.

ಹುಂ. ಉಸಿರು ಬಿಡು. ನನಗೂ ಸಾಕಾಗೈತಿ, ನಿನಗೊಬ್ಬಗ ಅಲ್ಲ.

ಹಂಗ ನೋಡಿದ್ರ ಮಂದಿ ಏನು ಕಮ್ಮಿ ಬರತಿತ್ತೇನು? ಐವತ್ತೊಂಬತ್ತನೇ ಇಸವಿಯಾಗ ಮಾಲಕರು ಮುಂಬೈದಾಗ ಎಲ್ಲೋ ಇಂಥಾದ್ದು ನೋಡಿ ಬಂದು, ಎರಡು ದೋಣಿ ಕೂಡಿಸಿ ಹಾಯಿ ಏರಿಸಿದ್ರಲ್ಲ, ಅವತ್ತು ಅರ್ಧ ಇಚಲಕರಂಜಿ ಈ ಘಾಟಿನ ಮ್ಯಾಲಿತ್ತು. ಹೊಸಾ ಮದುವಿ ಆದವರು ಹಳದಿ ಸೀರಿ ಮ್ಯಾಲೇ ಬರತಿದ್ರು. ಜಯಸಿಂಗಪುರದ ವ್ಯಾಪಾರಿಗಳು ಬುತ್ತಿ ಕಟಗೊಂಡು ಬರತಿದ್ರು...

ಯಾಕ ನಗತಿ? ಆ ಹಾಯಿ ನೆನಪಾತೇನು? ನಗು, ನಗು. ನಾವು ಮಗ್ಗದ ಮಂದಿ, ನಮಗೇನು ಗೊತ್ತು ನೀರಿಂದು? ಮಗ್ಗದಿಂದ ಇಳಿಸಿದ ಬಟ್ಟಿ, ಗಂಜಿ ಸೈತ ಒಗೀದ ಹಂಗ ಹೊಲದ್ವಿ. ಹೊಸಾದು ಬಿಗಿ ನಿಂತಿತು, ಮಾಲಕರು ಶಭಾಷ್ ಅಂದ್ರು. ನಡುನೀರಾಗ ನಾಕು ಹನಿ ಸಿಡದದ್ದ ತಡ, ಗಂಜಿ ಕರಗಿ ಮುದಕಿ ಸೆರಗಿನಂಗ ಜೋತು ಬಿತ್ತು. ದಂಡಿ ಮ್ಯಾಲೆ ಒಣಾಕ ಹಾಕಿದ್ರ ಬಯಾಬಾಯಿ ಆಡು ಬಂದು ಗಂಜಿ ರುಚಿಗೆ ಅರ್ಧಾ ಹಾಯಿ ಮೇದು ಹೋದುವು. ಆಕೀನ ಬಂದು ನಮ್ಮ ಜೋಡಿ ಜಗಳಾ ತಗದಳು, ನನ್ನ ಆಡಿನ ಹೊಟ್ಟಿ ಕೆಡಿಸಿದಿರಿ ಅಂತ.

ಆಮ್ಯಾಲೆ ಏನಾತೋ ಏನೋ. ಟಾಕೀಜಿನಾಗ ಹೊಸಾ ಖುರ್ಚಿ ಹಾಕಿದ್ರು. ಮನಿಮನಿಗೆ ಟ್ರಾನ್ಸಿಸ್ಟರ್ ಬಂತು. ಇದ್ದವರು ಮೋಟಾರಿನಾಗ ಮಹಾಬಳೇಶ್ವರಕ್ಕ ಹೋಗಾಕ ಹತ್ತಿದ್ರು, ಇಲ್ಲದವರು ಕೊಲ್ಲಾಪುರದ ರಂಕಾಳಾ ಕೆರಿ ದಂಡ್ಯಾಗ ಚುರಮುರಿ ಭೇಳ ತಿನ್ನಾಕ. ಗಾಳಿ ಬರೂತನಾ ಕುಂದರೂ ಪುರಸೊತ್ತು ಯಾರಿಗೈತಿ ಈಗ?

ಏನು ಗುರುಗುಟ್ಟತಿ?

ಹಾಂ, ಹೇಳು. ಹೋದ ವರ್ಷ ಘಾಟಿನ ಕಲ್ಲಿಗೆ ಬಡದದ್ದಕ್ಕ ಮಂದಿ ಬಿಟ್ಟರು ಅಂತಿ. ಎಲ್ಲಾರೂ ಅದನ್ನ ಅಂತಾರ. ಅದು ಗಾಳಿ ತಿರುಗಿದ್ದು, ಗುರಣ್ಣ. ಗಾಳಿಗೆ ನಾ ಏನು ಮಾಡಲಿ? ದೋಣ್ಯಾಗಿದ್ದ ರಂಗುಬಾಯಿ ಕೂಸು ನೀರಿಗೆ ಬಿತ್ತು, ಖರೆ. ನೀ ಹಾರಿ ತಗದಿ, ಅದೂ ಖರೆ. ಉಳೀತಲ್ಲ ಕೂಸು. ಈಗ ಸಾಲಿಗೆ ಹೊಂಟೈತಿ.

ನೀ ಮುಂದ ಹಾಯಿ ಹಗ್ಗಾ ಹಿಡದು ಕುಂತು ಕೈ ಮಾಡಿದ್ನಿ ಅಂತಿ. ಹಿಂದ ಚುಕ್ಕಾಣಿ ಹಿಡದಾವ ನಾನು. ಮಗ್ಗದ ಸಪ್ಪಳದಾಗ ಮಾತು ಕೇಳೂದಿಲ್ಲ ಅಂತ ಇಷ್ಟು ವರ್ಷ ಕೈಲೆ ಮಾತಾಡಿದವರು ನಾವು. ನೂಲು ಹರೀತು, ಲಾಳಿ ಖಾಲಿ, ಚಾ ಕುಡ್ಯೂಣು ಬಾ... ಬಾಯಿ ತಗದದ್ದ ಇಲ್ಲ. ನೀರಿನ ಮ್ಯಾಲೂ ಅದ ಚಟ. ಮುಂದ ಕಲ್ಲೈತಿ ಅಂತ ಒದರೂದು ಬಿಟ್ಟು ಕೈ ಎತ್ತತಿ. ಎತ್ತಿದ್ರ ನಾ ನೋಡತಿದ್ದಿಲ್ಲೇನು? ನೀ ಎತ್ತಲಿಲ್ಲ. ಇಲ್ಲಾ ತಡಾ ಮಾಡಿ ಎತ್ತಿದಿ. ಹೋಗಲಿ ಬಿಡು, ನಾನೇನು ನಿನ್ನ ಮ್ಯಾಲೆ ಹಾಕಾಕತ್ತಿಲ್ಲ.

ಮಗ್ಗ ಬಿಟ್ಟು ನೂಲಿನ ಕಂಡಿಕಿ ಸುತ್ತೋ ಕೆಲಸಕ್ಕ ಯಾಕ ಹೋದಿ ಅಂದ್ರ? ಕಾಲು ನೋಯತಾವೋ ಮಾರಾಯಾ. ಅಲ್ಲಿ ಕುಂತು ಮಾಡಬಹುದು. ನಿನ್ನ ಹೆಂಡತಿ ಚೆನ್ನವ್ವನೂ ಅದನ್ನ ಕೇಳಿದಳು. ಎಲ್ಲಾರಿಗೂ ನಂದ ಚಿಂತಿ.

ಕೇಳಿಲ್ಲಿ. ಹಾಡ್ಯಾಡಿ ಹೇಳಾಕ ನನಗ ಬರೂದಿಲ್ಲ. ದಿನಾ ಆ ಸಪ್ಪಳದಾಗ ಇದ್ದು ತಲಿ ಒಳಗೂ ಮಗ್ಗ ಬಡೀತಿರತೈತಿ, ಊಟಕ್ಕ ಕುಂತ್ರೂ ಬಡೀತೈತಿ. ಹಾಯಿ ತುಂಬಿ ದೋಣಿ ತಾನ ಹೊಂಟಾಗ ಅಷ್ಟ ಅದು ನಿಂದ್ರತೈತಿ. ಆ ಒಂದು ಹೊತ್ತಿಗೆ ನಾ ವಾರಾ ಪೂರ್ತಿ ಬದುಕಿದಾವ. ಅದೂ ಹೋತಂದ್ರ ನನಗ ಈ ಊರಾಗ ಏನೂ ಉಳಿಯೂದಿಲ್ಲ. ನಾಚಿಕಿ ಬಿಟ್ಟು ಹೇಳಾಕತ್ತೇನಿ. ಜೋಡುದೋಣಿ ಒಬ್ಬನ ಕೈಲೆ ನಡ್ಯೂದಿಲ್ಲ, ನೀ ಬಂದ್ರ ಮಾತ್ರ ನಾ ಹತ್ತತೀನಿ. ಹುಡುಗೂರನ್ನ ನಡುವ ಕುಂದರಸೂಣು. ಈ ಸಲ ನೀ ಕೈ ಮಾಡಬ್ಯಾಡ, ಬಾಯಿಲೆ ಒದರು. ಗಾಳಿ ಹೊತ್ತಿನ್ಯಾಗ ಬಾಯಿಲೆ ಹೇಳೂದ ಚಲೋ. ಎಡಕ್ಕ ಅನ್ನು, ಬಲಕ್ಕ ಅನ್ನು, ಕಲ್ಲು ಬಂತು ಅನ್ನು. ನಾ ತಿರಗಸತೀನಿ. ಇಷ್ಟ.

ಬರತಿ ಹೌದಿಲ್ಲೋ?

...ಯಾಕ ಸುಮ್ಮಕಾದಿ? ಗುರಣ್ಣ, ಸಿಟ್ಟು ಬಂತೇನು? ನಾ ಆ ಕಲ್ಲಿನ ಮಾತು ತಗೀಬಾರದಿತ್ತು, ಆತು, ತಪ್ಪಾತು. ಏನರೆ ಅನ್ನು. ಬೈಯಾರ ಬೈ.

ಎದ್ದು ಹೋದೇನು? ಚಪ್ಪಲಿ ಸಪ್ಪಳ ಕೇಳಲಿಲ್ಲಲ್ಲ... ಗುರಣ್ಣ. ಏ ಗುರಣ್ಣ. ಎಲ್ಲಿದ್ದೀ?

...ನನ್ನ ಹೆಗಲ ಮ್ಯಾಲೆ ಯಾರದಿದು ಕೈ?

ನೀನ? ಇಲ್ಲೇ ಎದುರಿಗೇ ಕುಂತಿದ್ದೇನು? ಮತ್ತ ಯಾಕ ಮಾತಾಡ...

ಕೈ ಮಾಡಾಕತ್ತಿದ್ದೇನು ಗುರಣ್ಣ?

...ಏನಂತ ಮಾಡಿದಿ? ಬರತೀನಿ ಅಂತೋ, ಬರೂದಿಲ್ಲ ಅಂತೋ?