ತಿರುಗಿ ಬಾರದ ಗಾಡಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ದ್ವಿಚಕ್ರ ವಾಹನ ಮೆಕ್ಯಾನಿಕ್‌ಗಳ ಸಂಘದ ಬಂಧುಗಳೇ, ಬೆಳಿಗ್ಗೆ ನಮಗೆಲ್ಲ ಬಿ.ಪಿ. ನೋಡಿ ಹೆದರಿಸಿದ ಆಸ್ಪತ್ರೆಯವರೇ, ಹಿಂದಿನ ಸಾಲಿನಲ್ಲಿ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ಸಭಿಕರೇ,

ಮೂವತ್ತೆಂಟು ವರ್ಷ ಬಗ್ಗಿ ಕೆಲಸ ಮಾಡಿದವನು ನಾನು. ಹೀಗೆ ನೆಟ್ಟಗೆ ನಿಂತು ಅಭ್ಯಾಸವಿಲ್ಲ. ಮಾತಿನಲ್ಲಿ ಹೆಚ್ಚುಕಮ್ಮಿಯಾದರೆ ಹೊಟ್ಟೆಗೆ ಹಾಕಿಕೊಳ್ಳಿ. ಈಗ ತಾನೇ ಕಾರ್ಯದರ್ಶಿಗಳು ಈ ಫಲಕದಲ್ಲಿರುವುದನ್ನು ಓದಿದರು. ‘ಇವರ ಕೈಯಿಂದ ಹೋದ ಗಾಡಿ ಅದೇ ದೂರು ಹೊತ್ತು ತಿರುಗಿ ಬಂದದ್ದಿಲ್ಲ.’ ನೀವೆಲ್ಲ ಚಪ್ಪಾಳೆ ತಟ್ಟಿದಿರಿ, ನಾನು ತಲೆ ತಗ್ಗಿಸಿದೆ. ವಿನಯ ಎಂದುಕೊಂಡಿರಿ. ವಿನಯವಲ್ಲ ಸ್ವಾಮಿ, ನಾಚಿಕೆ.

ಏಕೆ ನಾಚಿಕೆ? ಹೇಳುತ್ತೇನೆ. ಮೊದಲು ಗಾಡಿಯ ವಿಷಯ.

ಈಗ ಎಲ್ಲಿ ನೋಡಿದರೂ ಸಣ್ಣ ಸ್ಪೋರ್ಟ್ಸ್ ಬೈಕು. ಇಂಜಿನ್ ಇಷ್ಟೇ ಇಷ್ಟು, ಮೇಲೆ ಮಾತ್ರ ರೇಸ್ ಗಾಡಿಯ ವೇಷ. ಹಳೇ ಗಾಡಿಯಲ್ಲಿ ಪ್ಲಗ್ ಬಿಚ್ಚಲು ಬಗ್ಗಿದರೆ ಸಾಕಿತ್ತು. ಇದರಲ್ಲಿ? ಸೀಟು ತೆಗೆಯಬೇಕು, ಟ್ಯಾಂಕ್ ಎತ್ತಬೇಕು, ಫೇರಿಂಗ್ ಎಂಬ ಪ್ಲಾಸ್ಟಿಕ್ ಅಂಗಿಯನ್ನು ಎರಡೂ ಕಡೆ ಕಳಚಬೇಕು. ಆ ಅಂಗಿಯ ಒಂದೊಂದು ಸ್ಕ್ರೂವಿನ ಕೆಳಗೂ ಕಡಲೆ ಗಾತ್ರದ ಒಂದು ರಬ್ಬರ್ ವಾಷರ್. ಅದನ್ನು ಹಾಕದಿದ್ದರೆ ಗಾಡಿ ನಿಲ್ಲುವುದಿಲ್ಲ, ಅಪಾಯವೂ ಇಲ್ಲ. ಆದರೆ ವೇಗ ಏರಿದೊಡನೆ ಕರಕರ ಎಂದು ಶುರುಹಚ್ಚಿಕೊಂಡು ಸವಾರನ ಪ್ರಾಣ ತಿನ್ನುತ್ತದೆ.

ನನ್ನ ಹೆಂಡತಿ ಅಂಗಡಿಯಲ್ಲೇ ಕೂರುತ್ತಿದ್ದಳು. ಸಂಘದ ಹಳಬರಿಗೆ ಗೊತ್ತು. ನಾನು ಬಿಚ್ಚಿದ್ದನ್ನೆಲ್ಲ ಅವಳು ಸಾಸರುಗಳಲ್ಲಿ ಹಾಕಿಡುವಳು. ಬಲಗಡೆಯದಕ್ಕೆ ಬಿಳಿ ಸಾಸರು, ಎಡಗಡೆಯದಕ್ಕೆ ನೀಲಿ. ಕೆಲಸ ಮುಗಿದ ಮೇಲೆ ಏನಾದರೂ ಉಳಿಯಿತೋ, ನನ್ನ ಕಥೆ ಮುಗಿಯಿತು. ಒಂದು ವಾಷರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿಯುವಳು.

“ರೀ, ಇದು ಯಾರ ಮನೆಗೆ ಹೋಗ್ಬೇಕಾದ್ದು?”

“ಬಿಡೇ, ಒಂದು ವಾಷರ್‌ಗೆ ಏನಾಗುತ್ತೆ?”

“ಗಾಡಿಗೆ ಏನೂ ಆಗಲ್ಲ. ನಿಮ್ಮ ಹೆಸರು ಕರಕರ ಅನ್ನುತ್ತೆ, ಅಷ್ಟೇ.”

ಗೊಣಗುತ್ತಾ ಮತ್ತೆ ಬಿಚ್ಚುತ್ತಿದ್ದೆ. ಈಗ ಹೇಳಿ, ಗಾಡಿ ತಿರುಗಿ ಬಾರದೆ ಇದ್ದದ್ದು ಯಾರಿಂದ? ಈ ಫಲಕದಲ್ಲಿ ಯಾರ ಹೆಸರಿರಬೇಕಿತ್ತು?

ಅವಳು ಹೋಗಿ ಮೂರು ವರ್ಷ. ಮಕ್ಕಳಿಲ್ಲ, ಇದ್ದದ್ದೇ ಇಬ್ಬರು, ಈಗ ಒಬ್ಬ. ಬೆಳಿಗ್ಗೆ ಎದ್ದು ಶಟರ್ ಎತ್ತುವ ತನಕ ನನ್ನ ದನಿ ನನಗೇ ಕೇಳಿಸಿರುವುದಿಲ್ಲ. ಗಂಟಲು ಸರಿಮಾಡಿಕೊಂಡು ಮೊದಲ ಗಿರಾಕಿಗೆ ‘ಏನು ಕಂಪ್ಲೇಂಟು?’ ಅನ್ನುತ್ತೇನಲ್ಲ, ಅದೇ ದಿನದ ಮೊದಲ ಮಾತು. ಮನೆಯಲ್ಲಿ ಈಗಲೂ ಎರಡು ಲೋಟ ಟೀ ಆಗುವಷ್ಟು ನೀರಿಡುತ್ತೇನೆ. ಇದನ್ನೆಲ್ಲ ಹೇಳಬೇಕೆಂದು ಬಂದಿರಲಿಲ್ಲ. ಎಲ್ಲಿದ್ದೆ? ಹಾಂ, ವಾಷರ್.

ಇದೇ ಆಸ್ಪತ್ರೆಯ ನರ್ಸಮ್ಮ ಒಬ್ಬಳು ಕೆಂಪು ಬಣ್ಣದ ಸಣ್ಣ ಸ್ಪೋರ್ಟ್ಸ್ ಬೈಕು ತಂದಳು. ಸೆಕೆಂಡ್ ಹ್ಯಾಂಡ್ ಗಾಡಿ. ವಾಲ್ವ್ ಬಿಗಿಯಾಗಿ, ಬೆಳಿಗ್ಗೆ ಸ್ಟಾರ್ಟ್ ಆಗುವುದಕ್ಕೆ ಅಳುತ್ತಿತ್ತು. ವಾಲ್ವಿನ ಸಂದು ಅಳೆದು ಸರಿಮಾಡಿದೆ, ಆಯಿಲ್ ಬದಲಿಸಿದೆ, ಚೈನು ತೊಳೆದೆ. ಅಷ್ಟು ಹೊತ್ತೂ ಅವಳು ನನ್ನ ಹೆಂಡತಿಯ ಸ್ಟೂಲ್ ಎಳೆದು ಕೂತು ಮಾತಾಡಿದ್ದೇ ಮಾತಾಡಿದ್ದು. ವಾರ್ಡಿನ ಮುದುಕರು ಇಂಜೆಕ್ಷನ್ ಕಂಡು ಬಾತ್‌ರೂಮಿನಲ್ಲಿ ಅಡಗಿ ಕೂರುವ ಕಥೆ ಕೇಳಿ ನಕ್ಕೂ ನಕ್ಕೂ ಒಂದು ವಾಷರ್ ಹಾಕುವುದು ಮರೆತೆ. ದೇವರಾಣೆಗೂ ಆ ಸಲ ಮರೆತದ್ದೇ.

ಮುಂದಿನ ವಾರ ಬಂದಳು. “ಮೇಸ್ತ್ರೀ, ಗಾಡಿ ಕರಕರ ಅಂತಿದೆ.” ನಾನು ಪೆಚ್ಚಾಗಬೇಕಿತ್ತು ತಾನೇ? ಖುಷಿಯಾಯಿತು. ಮತ್ತೆ ಸ್ಟೂಲು, ಮತ್ತೆ ಟೀ, ಮತ್ತೆ ಮಾತು.

ಮುಂದಿನದನ್ನು ನೀವು ಊಹಿಸಿರುತ್ತೀರಿ. ಮರೆತ ವಾಷರ್ ಹಾಕಿದೆ, ಇನ್ನೊಂದು ಕಡೆಯದನ್ನು ತೆಗೆದಿಟ್ಟುಕೊಂಡೆ. ಬ್ರೇಕು, ಚಕ್ರಗಳ ತಂಟೆಗೆ ಹೋಗಲಿಲ್ಲ, ಅಷ್ಟು ಪಾಪಿಯಲ್ಲ. ಒಂದೇ ಒಂದು ವಾಷರ್. ಹೀಗೆ ಮೂರು ಸಲ. ತೆಗೆದದ್ದನ್ನು ಇಟ್ಟದ್ದೆಲ್ಲಿ? ನನ್ನ ಹೆಂಡತಿಯ ನೀಲಿ ಸಾಸರಿನಲ್ಲಿ. ಎಂಥ ಭಂಡತನ ನೋಡಿ!

ಕೊನೆಯ ಸಲ ಅವಳು ತಾನೇ ಫೇರಿಂಗ್ ಬಿಚ್ಚಿ ನೋಡಿಕೊಂಡು ಬಂದಿದ್ದಳು.

“ವಾಷರ್ ಎಲ್ಲಿ ಮೇಸ್ತ್ರೀ?”

“ಎಲ್ಲೋ ಬಿದ್ದುಹೋಗಿರ್ಬೇಕಮ್ಮ.”

“ಸ್ಕ್ರೂ ಬಿಗಿಯಾಗೇ ಇತ್ತು. ಅದರ ಕೆಳಗಿನ ವಾಷರ್ ಹೇಗೆ ಬೀಳುತ್ತೆ?”

ಕಳ್ಳನ ಮನಸ್ಸು ಹುಳ್ಳುಳ್ಳಗೆ. ರೇಗಿಬಿಟ್ಟೆ. “ಮೂವತ್ತೆಂಟು ವರ್ಷದ ಕೈ ಇದು. ನಂಗೇ ಪಾಠ ಹೇಳ್ತೀಯಾ?” ಅವಳು ಬೆಂಚಿನ ಮೇಲಿದ್ದ ಸಾಸರಿನಿಂದ ವಾಷರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಸಭಿಕರೇ, ಅದೇ ಕಡೆ ನಿಂತು, ಅದೇ ಥರ ಎತ್ತಿ ಹಿಡಿದಳು.

“ವಾರಕ್ಕೊಂದೇ ರಜೆ ನಂಗೆ,” ಅಂದಳು. “ನಾಲ್ಕು ರಜೆ ಇಲ್ಲೇ ಹೋಯ್ತು. ಮಾತಾಡೋಕೆ ಯಾರಾದ್ರೂ ಬೇಕಿದ್ರೆ ಬಾಯಿಬಿಟ್ಟು ಕೇಳ್ಬಾರ್ದಾ ಮೇಸ್ತ್ರೀ?”

ಕೇಳಬಹುದಿತ್ತು. ಆಗಲೇ, ಅಲ್ಲೇ ಕೇಳಬಹುದಿತ್ತು. ಅದು ಬಿಟ್ಟು, ಒರೆಸಿಟ್ಟ ಸ್ಪ್ಯಾನರನ್ನೇ ಮತ್ತೆ ಒರೆಸಿದೆ. ಅವಳೇ ವಾಷರ್ ಹಾಕಿ, ಸ್ಕ್ರೂ ಬಿಗಿದು, ಗಾಡಿ ಹತ್ತಿ ಹೋದಳು. ರಸ್ತೆಯ ತಿರುವಿನವರೆಗೂ ಕಿವಿಗೊಟ್ಟು ನಿಂತೆ. ಒಂದಿಷ್ಟೂ ಕರಕರವಿಲ್ಲ. ಎರಡು ತಿಂಗಳಾಯಿತು, ಬಂದಿಲ್ಲ. ಏಕೆ ಬರುತ್ತಾಳೆ? ಗಾಡಿ ಸರಿಯಾಗಿದೆ.

ಅಧ್ಯಕ್ಷರೇ, ಫಲಕವನ್ನು ವಾಪಸು ತೆಗೆದುಕೊಳ್ಳುವುದಾದರೆ ತೆಗೆದುಕೊಳ್ಳಿ, ಬೇಜಾರಿಲ್ಲ. ನನಗೇ ಬಿಟ್ಟರೆ ಆ ಎರಡು ಸಾಸರುಗಳ ಪಕ್ಕ ಇಡುತ್ತೇನೆ; ಸೇರಬೇಕಾದವರಿಗೆ ಸೇರುತ್ತದೆ. ಆಸ್ಪತ್ರೆಯವರು ಎಡಗಡೆ ಕೂತಿದ್ದಾರಂತೆ. ಕನ್ನಡಕ ತಂದಿಲ್ಲ, ಯಾರ ಮುಖವೂ ಗುರುತು ಹತ್ತುತ್ತಿಲ್ಲ. ನರ್ಸಮ್ಮ, ನೀನು ಅಲ್ಲಿದ್ದರೆ ಕೇಳಿಸಿಕೋ. ಇಲ್ಲದಿದ್ದರೆ ಇದ್ದವರು ಯಾರಾದರೂ ಹೇಳಿ. ತಪ್ಪಾಯಿತು.

ಭಾನುವಾರ ನನ್ನ ಅಂಗಡಿಗೆ ರಜೆ. ಆದರೂ ನಾಲ್ಕು ಗಂಟೆಗೆ ಶಟರ್ ಎತ್ತಿರುತ್ತೇನೆ. ಸ್ಟೂಲ್ ಎರಡಿವೆ, ಟೀಗೆ ಹೇಗೂ ಎರಡು ಲೋಟ ನೀರಿಡುವವನು ನಾನು. ನರ್ಸಮ್ಮ ಬರಲಿ, ನಿಮ್ಮಲ್ಲಿ ಯಾರೇ ಬರಲಿ. ಗಾಡಿ ಕೆಟ್ಟಿರಬೇಕೆಂದೇನಿಲ್ಲ. ಸುಮ್ಮನೆ ಬನ್ನಿ.

ಅಂತೂ ಬಾಯಿಬಿಟ್ಟು ಕೇಳಿದೆ. ಇಷ್ಟು ಹೊತ್ತು ಕೂತು ಕೇಳಿದ ನಿಮ್ಮೆಲ್ಲರ ಉಪಕಾರ ದೊಡ್ಡದು. ಮೂರು ವರ್ಷದಲ್ಲಿ ನಾನು ಇಷ್ಟು ಮಾತಾಡಿದ್ದು ಇದೇ ಮೊದಲು. ನಮಸ್ಕಾರ.