ಚಿಕ್ಕಮಾದಮ್ಮ ಮೂಸಿ ನೋಡಿದ ಕುಂಡ

ಮಾನ್ಯ ಪ್ರಾಂಶುಪಾಲರೇ, ಸಹೋದ್ಯೋಗಿ ಮಿತ್ರರೇ, ಹಿಂದೆ ಗೋಡೆಗೊರಗಿ ನಿಂತಿರುವ ವಿದ್ಯಾರ್ಥಿಗಳೇ, ಚಿಕ್ಕರಸಿನಕೆರೆಯಿಂದ ಬೆಳಗಿನ ಬಸ್ಸು ಹಿಡಿದು ಮದ್ದೂರಿಗೆ ಬಂದಿರುವ ಊರಿನವರೇ — ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಚಿಕ್ಕಮಾದಮ್ಮನವರ ಯಜಮಾನರು ಮರಿಯಯ್ಯನವರು ಕೂತಿದ್ದಾರೆ. ಪಕ್ಕದಲ್ಲಿ ಮಗಳು ಶೋಭಿತಾ. ಈಗಷ್ಟೇ ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ ಕೂತಿದ್ದೀರಿ. ನಿಮ್ಮಿಬ್ಬರಿಗೂ ಬೇರೆಯಾಗಿ ಕೈಮುಗಿಯುತ್ತೇನೆ.

ನಾನು ಆಂಡಾಳ್. ಈ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಚಿಕ್ಕಮಾದಮ್ಮ ಹದಿನಾಲ್ಕು ವರ್ಷ ನಮ್ಮ ಪ್ರಯೋಗಾಲಯದ ಅಟೆಂಡರ್ ಆಗಿದ್ದರು. ಆಮೇಲಿನ ಆರು ವರ್ಷ ಕೆಳಗಿನ ಮಹಡಿಯಲ್ಲಿ ಕಸ ಗುಡಿಸಿದರು, ಬೆಂಚು ಹೊತ್ತರು. ಹೋದ ಗುರುವಾರ ಬೆಳಗ್ಗೆ ಕೆಲಸಕ್ಕೆ ಹೊರಟವರು ಮನೆ ಬಾಗಿಲಲ್ಲೇ ಕುಸಿದು ಹೋದರು.

ಆಫೀಸಿನವರು ಒಂದು ಹಾಳೆ ಟೈಪು ಮಾಡಿ ಕೊಟ್ಟಿದ್ದಾರೆ. 'ಶ್ರೀಮತಿ ಚಿಕ್ಕಮಾದಮ್ಮನವರು ಕರ್ತವ್ಯನಿಷ್ಠರೂ ಮಿತಭಾಷಿಗಳೂ ಆಗಿದ್ದರು' — ಮಿತಭಾಷಿ! ನಗಿ, ಪರವಾಗಿಲ್ಲ. ಅವರ ಬಾಯಿಗೆ ಸಿಕ್ಕಿಬಿದ್ದವರು ಈ ಸಭೆಯಲ್ಲೇ ಬೇಕಾದಷ್ಟು ಜನ ಇದ್ದೀರಿ. ಈ ಹಾಳೆ ಮಡಿಸಿ ಇಡುತ್ತೇನೆ. ಅವರು ಮೇಲಿನ ಮಹಡಿಯಿಂದ ಕೆಳಗೆ ಯಾಕೆ ಬಂದರು ಅನ್ನುವುದು ಇದರಲ್ಲಿ ಇಲ್ಲ. ನಾನು ಹೇಳಬೇಕಾದದ್ದು ಅದನ್ನೇ.

ಎಂಟು ವರ್ಷದ ಹಿಂದೆ ಬೆಂಗಳೂರಿನ ಒಂದು ನರ್ಸರಿಯಿಂದ ಮೂರು ಹೂಜಿ ಗಿಡ ತಂದೆವು. ನೋಡದವರಿಗೆ ಹೇಳುತ್ತೇನೆ — ಎಲೆಯ ತುದಿಯೇ ಇಷ್ಟುದ್ದದ ಹೂಜಿಯಾಗಿ, ಮೇಲೊಂದು ಮುಚ್ಚಳ ಇಟ್ಟುಕೊಂಡು ತೂಗುತ್ತದೆ. ನೊಣ, ಇರುವೆ ಒಳಗೆ ಜಾರಿ ಬಿದ್ದರೆ ಅಲ್ಲೇ ಕರಗಿಸಿಕೊಂಡು ಬದುಕುತ್ತದೆ. ಅದರ ಬೇರಿಗೆ ಗೊಬ್ಬರ ಆಗುವುದಿಲ್ಲ. ನಮ್ಮ ಬೋರಿನ ಗಡಸು ನೀರೂ ಆಗುವುದಿಲ್ಲ. ಇದನ್ನು ಪಾಠ ಮಾಡುತ್ತಿದ್ದವಳು ನಾನು. ಗುಡಿಸುತ್ತಾ ಗುಡಿಸುತ್ತಾ ಕೇಳಿಸಿಕೊಂಡವರು ಅವರು.

ಕೇಳಿಸಿಕೊಂಡು ಸುಮ್ಮನಾಗಲಿಲ್ಲ. ಮಳೆ ನೀರು ಸಿಗದ ತಿಂಗಳಲ್ಲಿ ಏನು ಹಾಕುವುದು ಅಂತ ನಾನು ತಲೆ ಕೆಡಿಸಿಕೊಂಡಿದ್ದೆ. ಅವರು ಕಂಪ್ಯೂಟರ್ ಲ್ಯಾಬಿನ ಎ.ಸಿ. ಪೈಪಿನ ಕೆಳಗೆ ಬಕೆಟ್ ಇಟ್ಟರು. ತೊಟ್ಟಿಕ್ಕಿದ ನೀರನ್ನೇ ಗಿಡಕ್ಕೆ ಹಾಕಿದರು. ಗಿಡ ಹೊಸ ಹೂಜಿ ಬಿಟ್ಟಿತು.

ಒಂದು ಸಲ ಒಂದು ಹೂಜಿ ಕಪ್ಪಾಗಿ ಕೊಳೆಯಿತು. ನಾನು ಶಿಲೀಂಧ್ರ ಇರಬೇಕು ಅಂತ ಸೂಕ್ಷ್ಮದರ್ಶಕದ ಮುಂದೆ ಕೂತೆ. ಅವರು ಮೊಬೈಲಿನ ಟಾರ್ಚ್ ಬಿಟ್ಟು, ಹೂಜಿಯೊಳಗೆ ಚಿಮಟ ಹಾಕಿ — ಹೀಗೆ — ಎಳೆದರು. ಮದ್ದೂರು ವಡೆಯ ಚೂರು! ಗಿಡಕ್ಕೆ ತಿಂಡಿ ತಿನ್ನಿಸಿದವನು ಯಾರು ಅಂತ ಇಡೀ ತರಗತಿಯನ್ನು ನಿಲ್ಲಿಸಿ ವಿಚಾರಣೆ ಮಾಡಿದರು. ಸಿಕ್ಕಿಬಿದ್ದವನಿಗೆ, ನೊಣ ಅರಗಿಸಿಕೊಳ್ಳುವ ಗಿಡಕ್ಕೆ ಎಣ್ಣೆ ತಿಂಡಿ ಅರಗುವುದಿಲ್ಲ ಅಂತ ನನಗಿಂತ ಚೆನ್ನಾಗಿ ಪಾಠ ಹೇಳಿದರು.

ಅವರು ಗಿಡ ನೋಡುವ ಕ್ರಮವೇ ಬೇರೆ. ನಾನು ಕೆಟ್ಟ ಎಲೆಯನ್ನು ನೋಡುತ್ತಿದ್ದೆ, ಅವರು ಎಲ್ಲಕ್ಕಿಂತ ಹೊಸ ಎಲೆಯನ್ನು ನೋಡುತ್ತಿದ್ದರು. ಹಳೇ ಹೂಜಿ ಮುಚ್ಚಳದ ಕಡೆಯಿಂದ ಒಣಗಿದರೆ ಅದಕ್ಕೆ ವಯಸ್ಸಾಗಿದೆ, ಬಿಡಿ ಅನ್ನುವರು. ಹೊಸದು ಬಾಯಿ ಬಿಡುವ ಮೊದಲೇ ಒಣಗಿದರೆ ಕೋಣೆಯ ಗಾಳಿ ಒಣಗಿದೆ. ಎಲೆ ಉದ್ದ ಬೆಳೆದು ಹೂಜಿಯೇ ಬರದಿದ್ದರೆ ಬೆಳಕು ಸಾಲದು. ಆಮೇಲೆ ಕುಂಡ ಎತ್ತಿ ತೂಕ ನೋಡುವರು. ಕೊನೆಗೆ ಬುಡಕ್ಕೆ ಮೂಗು ಹಚ್ಚಿ ಮೂಸುವರು. ಅದನ್ನು ನೋಡಿ ನಾವು ಅಧ್ಯಾಪಕರು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದೆವು. ನಾನೂ ನಗುತ್ತಿದ್ದೆ.

ಈಗ ಆರು ವರ್ಷದ ಹಿಂದಿನ ಆಯುಧಪೂಜೆಗೆ ಬರುತ್ತೇನೆ.

ಚಿಕ್ಕಮಾದಮ್ಮ ಹಿಂದಿನ ದಿನವೇ ಪ್ರಯೋಗಾಲಯ ತೊಳೆದು, ಧಮ್ಮ ದೀಕ್ಷೆಯ ಕಾರ್ಯಕ್ರಮವಿದೆ ಅಂತ ಎರಡು ದಿನ ರಜೆ ಹಾಕಿದ್ದರು. ನಾವು ಸೂಕ್ಷ್ಮದರ್ಶಕಗಳಿಗೆ ಕುಂಕುಮ ಇಟ್ಟೆವು. ನಾನು ಮನೆಯಿಂದ ಪುಟ್ಟ ವಿಗ್ರಹ ತಂದು ಪಂಚಾಮೃತದ ಅಭಿಷೇಕ ಮಾಡಿದೆ. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ಎಲ್ಲರಿಗೂ ಕೊಟ್ಟ ಮೇಲೆ ಬಟ್ಟಲಲ್ಲಿ ಅರ್ಧ ಉಳಿಯಿತು. ನಮ್ಮ ಮನೆಗಳಲ್ಲಿ ನಿಮಗೆ ಗೊತ್ತು — ಅದನ್ನು ಬಚ್ಚಲಿಗೆ ಚೆಲ್ಲುವುದಿಲ್ಲ, ತುಳಿಯುವ ಜಾಗಕ್ಕೂ ಹಾಕುವುದಿಲ್ಲ. ಯಾವುದಾದರೂ ಗಿಡದ ಬುಡಕ್ಕೆ ಹಾಕುತ್ತೇವೆ. ಕಿಟಕಿಯ ಹತ್ತಿರ ದೊಡ್ಡ ಹೂಜಿ ಗಿಡವಿತ್ತು. ನನ್ನ ಕೈ ಮನೆಯ ರೂಢಿಯಂತೆ ಹೋಯಿತು. ಬಟ್ಟಲು ತೊಳೆದ ನೀರನ್ನೂ ಅದಕ್ಕೇ ಸುರಿದೆ.

ಎಂ.ಎಸ್ಸಿ. ಓದಿದವಳು. ಬೇರಿಗೆ ಏನೂ ಹಾಕಬಾರದು ಅಂತ ಅದೇ ವಾರ ಪಾಠ ಮಾಡಿದವಳು.

ಮೂರು ವಾರಕ್ಕೆ ಆ ಗಿಡ ಹಳದಿಯಾಯಿತು. ಹೂಜಿಗಳು ಜೋತು ಬಿದ್ದವು, ಬುಡ ಕಪ್ಪಾಯಿತು. ಪರಿಶೀಲನಾ ಸಮಿತಿ ಬರುವುದಕ್ಕೆ ಎಂಟು ದಿನ ಇತ್ತು. ಆಗಿನ ಪ್ರಾಂಶುಪಾಲರು — ಅವರು ನಿವೃತ್ತರಾಗಿದ್ದಾರೆ, ಅವರ ಮೇಲೆ ನನ್ನ ದೂರಿಲ್ಲ — ಪ್ರಯೋಗಾಲಯಕ್ಕೆ ಬಂದು ಇದೇನು ಮೇಡಂ ಅಂತ ರೇಗಿದರು. ಬೋರಿನ ನೀರು ಹಾಕಿರಬೇಕು ಸರ್ ಅಂದೆ. ಯಾರು ಹಾಕಿರಬೇಕು ಅಂತ ಹೆಸರು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಅಲ್ಲಿ ನೀರು ಹಾಕುವವರು ಒಬ್ಬರೇ.

ಚಿಕ್ಕಮಾದಮ್ಮ ಬಂದರು. ಕುಂಡ ಎತ್ತಿದರು, ಮೂಸಿದರು, ಬೆರಳಲ್ಲಿ ಬುಡ ಕೆದಕಿದರು. ಆಮೇಲೆ ನೇರವಾಗಿ ಪ್ರಾಂಶುಪಾಲರಿಗೇ ಹೇಳಿದರು.

"ಬೋರ್ ನೀರಾದ್ರೆ ಕುಂಡದ ಅಂಚ್ಗೆ ಬೆಳ್ಳುಗೆ ಉಪ್ಪು ಕೂರ್ತದೆ ಸಾರ್. ಇಲ್ಲಿಲ್ಲ, ನೋಡಿ. ಇದು ಉಳಿ ವಾಸ್ನೆ. ಬುಡುಕ್ಕೆ ಆಲು ಬಿದ್ದದೆ."

ಪ್ರಾಂಶುಪಾಲರು ನಕ್ಕುಬಿಟ್ಟರು. ಗಿಡಕ್ಕೆ ಯಾರಮ್ಮ ಹಾಲು ಹಾಕುತ್ತಾರೆ ಅಂದರು. ಅಂದು ನನ್ನ ಕಡೆ ತಿರುಗಿದರು. ಸ್ನೇಹಿತರೇ, ಆ ಕ್ಷಣದಲ್ಲೇ ನನಗೆ ಆ ಬಟ್ಟಲು ನೆನಪಾಯಿತು. ನೆನಪಾಗಿರಲಿಲ್ಲ ಅಂತ ಹೇಳಿದರೆ ಇನ್ನೊಂದು ಸುಳ್ಳಾಗುತ್ತದೆ. ಚೆನ್ನಾಗಿ ನೆನಪಾಯಿತು. ನಾನು ಕಿಟಕಿಯ ಆಚೆ ನೋಡಿದೆ.

'ನೀರು ಹಾಕುವುದರಲ್ಲಿ ನಿರ್ಲಕ್ಷ್ಯ' ಅಂತ ನೋಟಿಸು ತಯಾರಾಯಿತು. ಬರೆದವಳು ನಾನೇ, ನನ್ನ ಕೈಯಾರೆ. ಚಿಕ್ಕಮಾದಮ್ಮ ಅದನ್ನು ನಿಧಾನವಾಗಿ ಓದಿದರು. ಇದು ನಿಮ್ಮ ಅಕ್ಷರ ಅಲ್ವಾ ಮೇಡಂ ಅಂದರು. ಹೌದು ಅಂದೆ. ಸಹಿ ಹಾಕಿದರು, ಪ್ರಯೋಗಾಲಯದ ಬೀಗದ ಕೈ ಮೇಜಿನ ಮೇಲಿಟ್ಟು ಕೆಳಗೆ ಹೋದರು. ಹದಿನಾಲ್ಕು ವರ್ಷ ನಾನು ಅವರನ್ನು ಏಕವಚನದಲ್ಲೇ ಮಾತಾಡಿಸಿದ್ದೆ. ಅವತ್ತಿನಿಂದ ಮಾತಾಡಿಸುವುದನ್ನೇ ಬಿಟ್ಟೆ.

ಆ ಗಿಡ ಸತ್ತಿತು. ಉಳಿದ ಎರಡು ಈಗಲೂ ಇವೆ, ಮೇಲೆ ಹೋಗಿ ನೋಡಿ, ಹೂಜಿ ತುಂಬಿ ನಿಂತಿವೆ. ಬಂದವರು ನನ್ನನ್ನೇ ಹೊಗಳುತ್ತಾರೆ. ಆದರೆ ಈ ಆರು ವರ್ಷವೂ ಬೆಳಗ್ಗೆ ನಾನು ಬರುವ ಮೊದಲೇ ಪ್ರಯೋಗಾಲಯದ ಬಾಗಿಲಲ್ಲಿ ಒಂದು ಬಕೆಟ್ ಎ.ಸಿ. ನೀರು ತುಂಬಿ ಇಟ್ಟಿರುತ್ತಿತ್ತು. ಯಾರು ಇಡುತ್ತಾರೆ ಅಂತ ನಾನು ಕೇಳಲಿಲ್ಲ. ನೀರು ಮಾತ್ರ ಬಳಸಿಕೊಂಡೆ. ಹೋದ ಗುರುವಾರ ಬಾಗಿಲಲ್ಲಿ ಬಕೆಟ್ ಇರಲಿಲ್ಲ.

ಇನ್ನೂ ಇದೆ. ಎರಡು ವರ್ಷದ ಹಿಂದೆ ಕಾಲೇಜಿನ ಉತ್ತಮ ಸಿಬ್ಬಂದಿ ಗೌರವಕ್ಕೆ ಚಿಕ್ಕಮಾದಮ್ಮನವರ ಹೆಸರು ಬಂತು. ಫೈಲು ತೆಗೆದರು, ನೋಟಿಸು ಸಿಕ್ಕಿತು, ಹೆಸರು ಬಿಟ್ಟರು. ಆ ಆಯ್ಕೆ ಸಮಿತಿಯಲ್ಲಿ ನಾನಿದ್ದೆ. ಕಾಫಿ ಕುಡಿದು ಎದ್ದು ಬಂದೆ.

ಶುಕ್ರವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಮರಿಯಯ್ಯನವರು ಕುರ್ಚಿ ಹಾಕಿಸಿದರು, ನೀರು ಕೊಡಿಸಿದರು. ಶೋಭಿತಾ ಮಂಡ್ಯದಲ್ಲಿ ನರ್ಸ್ ಆಗಿದ್ದಾಳೆ, ನಿಮಗೆ ಗೊತ್ತು. ಅವಳು ನನ್ನ ಪಕ್ಕ ಬಂದು ನಿಂತು ಮೆಲ್ಲಗೆ ಹೇಳಿದಳು. ಹೇಳಲೇನಮ್ಮ, ಶೋಭಿತಾ? — ಹೇಳುತ್ತೇನೆ.

"ಅಮ್ಮಂಗೆ ಅವತ್ತೇ ಗೊತ್ತಿತ್ತು ಮೇಡಂ. ಬುಡ ಕೆದಕ್ದಾಗ ತುಳಸಿ ಎಲೆ ಸಿಕ್ತಂತೆ. ಮುಷ್ಟೀಲಿ ಮುಚ್ಕೊಂಡು ಮನೆಗೆ ತಂದಿದ್ರು."

ಪಂಚಾಮೃತಕ್ಕೆ ತುಳಸಿ ಹಾಕಿದ್ದವಳು ನಾನು. ಆ ಕೋಣೆಗೆ ತುಳಸಿ ತರುವವಳು ನಾನೊಬ್ಬಳೇ. ಆ ಎಲೆಯನ್ನು ಪ್ರಾಂಶುಪಾಲರ ಮುಂದೆ ಹಿಡಿದಿದ್ದರೆ ಮುಗಿಯಿತು, ನೋಟಿಸು ನನಗೆ ಬರುತ್ತಿತ್ತು. ಅಮ್ಮ ಯಾಕೆ ತೋರಿಸಲಿಲ್ಲ ಅಂತ ಕೇಳಿದೆ. ಶೋಭಿತಾಳೂ ಅವತ್ತು ಅದನ್ನೇ ಕೇಳಿ ಜಗಳ ಆಡಿದ್ದಳಂತೆ. ಅದಕ್ಕೆ ಚಿಕ್ಕಮಾದಮ್ಮ ಕೊಟ್ಟ ಉತ್ತರವನ್ನು ಅವರ ಮಾತಿನಲ್ಲೇ ಹೇಳುತ್ತೇನೆ.

"ಓದ್ಸೋ ಮೇಡಂ ಕಣವ್ವ. ಎಲ್ರ ಮುಂದೆ ನಾನ್ ಯೋಳುದ್ರೆ ಅವ್ರ ಮಕ ಎಲ್ಲಿಕ್ಕೊಂಡಾರು? ಬುಡು, ಅವ್ರೇ ಯೋಳ್ತಾರೆ."

ಅವರೇ ಹೇಳುತ್ತಾರೆ. — ಆರು ವರ್ಷ ಕಾದರು. ದಿನಾ ಬೆಳಗ್ಗೆ ಆ ಮೆಟ್ಟಿಲು ಹತ್ತಿ ಬಂದು ನೀರಿಟ್ಟು ಹೋಗುವಾಗಲೂ, ಇವತ್ತು ಹೇಳಬಹುದು ಅಂತ ಅಂದುಕೊಂಡಿದ್ದರೋ ಏನೋ. ನನಗೆ ನಾಚಿಕೆಯಾಗುತ್ತಿದೆ. ಇದಕ್ಕಿಂತ ದೊಡ್ಡ ಮಾತು ನನ್ನಲ್ಲಿಲ್ಲ. ಗಿಡ ಕೊಂದಿದ್ದಕ್ಕಲ್ಲ. ಕೈತಪ್ಪು ಯಾರಿಗಾದರೂ ಆಗುತ್ತದೆ. ಬಾಯಿ ಬಿಟ್ಟು ಒಂದು ಮಾತು ಹೇಳದೆ ಒಬ್ಬರ ಹೆಸರಿಗೆ ಮಸಿ ಬಳಿದು, ಅದರ ಮೇಲೆ ಆರಾಮಾಗಿ ಪಾಠ ಮಾಡಿಕೊಂಡು ಬಂದೆನಲ್ಲ, ಅದಕ್ಕೆ.

ಇವತ್ತು ಬೆಳಗ್ಗೆ ಪ್ರಾಂಶುಪಾಲರಿಗೆ ಒಂದು ಪತ್ರ ಕೊಟ್ಟಿದ್ದೇನೆ. ಗಿಡದ ಬುಡಕ್ಕೆ ಹಾಲು ಹಾಕಿದವಳು ನಾನು, ಚಿಕ್ಕಮಾದಮ್ಮನವರ ಮೇಲಿನ ನೋಟಿಸು ಸುಳ್ಳು, ಅದನ್ನು ತೆಗೆದು ನನ್ನ ಫೈಲಿಗೆ ಈ ಪತ್ರ ಸೇರಿಸಬೇಕು ಅಂತ ಬರೆದಿದ್ದೇನೆ. ಅದರ ಪ್ರತಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಿದ್ದಾರೆ. ವಿದ್ಯಾರ್ಥಿಗಳು ಓದಬೇಕು.

ಮರಿಯಯ್ಯನವರೇ, ನಿಮ್ಮ ಹತ್ತಿರ ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಆಯ್ತು ಬುಡಿ ಅಂದುಬಿಡುತ್ತೀರಿ, ನಾನು ಹಗುರಾಗಿ ಮನೆಗೆ ಹೋಗಿಬಿಡುತ್ತೇನೆ. ಅದು ಬೇಡ. ಈ ಮಾತು ಕೇಳಬೇಕಾಗಿದ್ದವರು ಈ ಸಭೆಯಲ್ಲಿಲ್ಲ.

ಈಗ ಎಲ್ಲರೂ ಎದ್ದು ನಿಂತು ಚಿಕ್ಕಮಾದಮ್ಮನವರಿಗಾಗಿ ಒಂದು ನಿಮಿಷ ಮೌನವಾಗಿರೋಣ ಅಂತ ಕೇಳಬೇಕಾದವಳು ನಾನು. ನನ್ನ ಪಾಲಿನ ಮೌನ ಆರು ವರ್ಷ ಆಗಿಹೋಗಿದೆ. ಅದು ಅವರಿಗಾಗಿ ಅಲ್ಲ, ನನಗಾಗಿ ಇತ್ತು. ನಿಮ್ಮದು ಅವರಿಗಾಗಿ ಇರಲಿ.

ದಯವಿಟ್ಟು ಎದ್ದು ನಿಲ್ಲಿ.