ಸುಣ್ಣ ಸುರಿದ ಕೆರೆಯ ಸಾರಾಂಶ

...ಅಲ್ಲ ಗ್ರೆಚೆನ್, ಇದಕ್ಕೆ ಪ್ರಬಂಧದ ಸಾರಾಂಶ ಅಂತಾರಾ? ಮದುವೆ ಊಟದಲ್ಲಿ ಗ್ಲಾಸ್ ಎತ್ತಿ ಹಿಡಿದು ಮಾಡೋ ಭಾಷಣ ಇದು! "ಅನಾದಿ ಕಾಲದಿಂದಲೂ ಸರೋವರಗಳು..." ಯಾರಮ್ಮ ಕೇಳಿದ್ರು ನಿನ್ನ ಅನಾದಿ ಕಾಲಾನ? ಗೀಟು ಹೊಡಿ. ಯಾಕೆ ನಗ್ತೀಯಾ? ನಿನ್ನ ಪಿಎಚ್‌ಡಿ ಗೈಡು ನಾನು. ನಗೋ ಹಕ್ಕು ನಂದು!

ಕೇಳು ತಾಯಿ. ಆಮ್ಲಮಳೆಗೆ ಸತ್ತ ಕೆರೆ. ನೀರಿನ ಆಮ್ಲ ಇಳೀಲಿ ಅಂತ ಸುಣ್ಣ ಸುರಿದ್ವಿ. ಏನಾಯ್ತು? ಅಷ್ಟೇ! ಓದೋನು ಒಂದು ಕೈಲಿ ಕಾಫಿ ಹಿಡ್ಕೊಂಡು ನಿಂತೇ ಓದ್ತಾನೆ, ಅವನಿಗೆ ಪುರಾಣ ಬೇಡ. ಆಮೇಲೆ ಈ "ಬಹುಶಃ", "ಕೆಲವು ಸಂದರ್ಭಗಳಲ್ಲಿ"... ಥೂ, ಹೇಡಿಗಳ ಮಾತು! ನಿಮ್ಮ ಪೀಳಿಗೆಗೆ ಬೆನ್ನುಮೂಳೆಯೇ ಇಲ್ಲ. ಹೂಂ, ಬಾಯಲ್ಲೇ ಹೇಳು, ಒಂದೇ ವಾಕ್ಯ. ಏನಾಯ್ತು?

...ಏನಂದೆ?

"ಸುಣ್ಣ ಸುರಿದರೂ ಟ್ರೌಟ್ ಮೀನುಗಳು ಮರಳಲಿಲ್ಲ."

ಹಾಂ... ಸ್ಪಷ್ಟವಾಗಿದೆ. ತೀರಾ ಸ್ಪಷ್ಟವಾಗಿದೆ. ಆದ್ರೆ ಹೀಗೆ ಎದೆಗೆ ಒದ್ದ ಹಾಗೆ ಹೇಳಬಾರದಮ್ಮ. ಒಂದು "ಬಹುಶಃ" ಹಾಕು. ...ಹೌದು, ಈಗ ತಾನೇ ಹೇಡಿಗಳು ಅಂದೆ. ಇದು ಬೇರೆ! ಬಲೆ ಸರಿಯಾಗಿ ಹಾಕಿದ್ಯಾ? ...ಗೊತ್ತು, ಗೊತ್ತು, ದೋಣೀಲಿ ನಾನೂ ಇದ್ದೆ. ಆದ್ರೂ... ಮೀನು ಅಂದ್ರೆ ಮೀನು, ಕರೆದಾಗ ಬರೋಕೆ ನಾಯಿಮರಿಯಾ?

ಲ್ಯಾಪ್‌ಟಾಪ್ ಯಾಕೆ ನನ್ನ ಕಡೆ ತಿರುಗಿಸ್ತೀಯಾ? ...ಓ. ಬರೋ ವಾರದ ಸಮ್ಮೇಳನಕ್ಕೆ ನಾನು ಕಳಿಸಿದ್ದ ಸಾರಾಂಶ. ಇವರು ಇಷ್ಟು ಬೇಗ ವೆಬ್‌ಸೈಟಿಗೆ ಹಾಕಿಬಿಟ್ರಾ?

ಎಲ್ಲರೂ ಹೀಗೇ ಮಾಡೋದಮ್ಮ! ಸಮ್ಮೇಳನದವರು ಸಾರಾಂಶ ಕೇಳೋದು ಚಳಿಗಾಲದಲ್ಲಿ, ಕೆರೆ ಇನ್ನೂ ಹೆಪ್ಪುಗಟ್ಟಿರುತ್ತೆ. ನಾವು ಬಲೆ ಬಿಡೋದು ಬೇಸಗೇಲಿ. ಅದಕ್ಕೇ ಮುಂಚೆನೇ, ಅಂದಾಜಿನ ಮೇಲೆ, ಫಲಿತಾಂಶ ಬರೆದು ಕಳಿಸಿಬಿಡ್ತೀವಿ. ಸಾಮಾನ್ಯವಾಗಿ ಹಾಗೇ ಆಗುತ್ತೆ! "ಟ್ರೌಟ್ ಮೀನುಗಳು ಮರಳಿದವು." ನೋಡು, ಒಂದು ಮಾತು ಹೆಚ್ಚಿಲ್ಲ. ಸಾರಾಂಶ ಅಂದ್ರೆ ಹೀಗಿರಬೇಕು...

ಹೌದು. ನಿನ್ನ ಹೆಸರೇ ಮೊದಲು ಹಾಕಿದೀನಿ. ಉಪಕಾರ ಅಂತ್ಲೇ ಹಾಕಿದ್ದು! ವೇದಿಕೆ ಹತ್ತಿ ಓದೋಳು ನೀನು ತಾನೇ... ಯಾವ ಮೀನು, ಎಲ್ಲಿ ಮರಳಿದವು ಅಂತ ಅಲ್ಲಿ ಯಾರೂ ಕೇಳಲ್ಲಮ್ಮ. ಇಷ್ಟು ವರ್ಷದಲ್ಲಿ ನನ್ನ ಒಬ್ಬರೂ ಕೇಳಿಲ್ಲ...

ಏನು?

...ಇಷ್ಟು ವರ್ಷ ಅಂದ್ರೆ... ಅಲ್ಲ, ನಾನು ಹೇಳಿದ್ದು ಹಾಗಲ್ಲ. ಹಳೇ ಕೆರೆಗಳಲ್ಲಿ ಮೀನು ನಿಜವಾಗ್ಲೂ ಮರಳಿ... ಗ್ರೆಚೆನ್, ಏನಾದ್ರೂ ಕೇಳು.